‘ನಾ ಯಾರು, ಗುರ್ತ ಸಿಕ್ತೇನು?’

ಹೇಗೆ ಬಗ್ಗಬೇಕು, ಹೇಗೆ ಏಳಬೇಕು ಎಂದು ಊರಿಗೆಲ್ಲ ಕಲಿಸುತ್ತಿದ್ದವಳು ನಾನು. ಒಂದು ದಿನ ಕೆಳಗೆ ಬಿದ್ದ ಪೆನ್ನು ಎತ್ತಲು ಬಗ್ಗಿದೆ, ಮೇಲೇಳಲಿಲ್ಲ. ಪಾಳಿಗೆ ಕೂತಿದ್ದ ರೋಗಿಗಳೇ ಬಂದು ಹಿಡಿದರು. ಅವರಲ್ಲೊಬ್ಬ ಅಜ್ಜ, "ಮೇಡಂರ, ಅವಸರ ಮಾಡಬ್ಯಾಡ್ರಿ. ಮೊದಲ ಒಂದ ಮಗ್ಗಲಾಗ್ರಿ, ಕೈ ಊರ್ರಿ, ಆಮ್ಯಾಲೆ ಏಳ್ರಿ" ಎಂದು ನಾನೇ ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ ನನಗೇ ಒಪ್ಪಿಸಿದ. ಪಾಠ ಮುಟ್ಟಬೇಕಾದವರಿಗೆ ಮುಟ್ಟಿದೆ, ಇನ್ನು ಮನೆಗೆ ಹೋಗಬಹುದು ಎಂದು ಆವತ್ತೇ ತೀರ್ಮಾನಿಸಿದೆ. ಐವತ್ತು ದಾಟಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸುವಾಗಲೂ ಬಗ್ಗಲಾಗದೆ ಕುರ್ಚಿಯ ಮೇಲೆ ನೆಟ್ಟಗೆ ಗೂಟದಂತೆ ಕೂತಿದ್ದೆ; ಫೋಟೋದಲ್ಲಿ ನೋಡಿದರೆ ಶಾಲನ್ನು ಒಣಹಾಕಿದಂತಿದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ಫೋನು ಮಾಡುತ್ತಾರೆ. "ಮೇಡಂ, ಕಾಲೇಜಿನಲ್ಲಿ ಕಲಿತದ್ದಕ್ಕೂ ಇಲ್ಲಿರುವುದಕ್ಕೂ ಸಂಬಂಧವೇ ಇಲ್ಲವಲ್ಲ" ಎಂದು ಅಳುತ್ತಾರೆ. ಸಂಬಂಧ ಇದೆ ಕಣ್ರವ್ವ, ದೂರದ ಸಂಬಂಧ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ಆಕ್ಯುಪೇಶನಲ್ ಥೆರಪಿಸ್ಟ್. ಪೆಟ್ಟು ಬಿದ್ದವರಿಗೆ, ಲಕ್ವ ಹೊಡೆದವರಿಗೆ ದಿನದಿನದ ಕೆಲಸವನ್ನು ಮತ್ತೆ ಕಲಿಸುವುದು: ಅಂಗಿಯ ಗುಂಡಿ ಹಾಕುವುದು, ಚಹ ಮಾಡುವುದು, ಸಂತೆಗೆ ಹೋಗಿ ಹೋದ ದಾರಿಯಲ್ಲೇ ಮನೆಗೆ ಬರುವುದು. ಬಾಗಲಕೋಟೆಯ ನಮ್ಮ ಪುನಶ್ಚೇತನ ಕೇಂದ್ರದಲ್ಲಿ ಈ ಹೆಸರನ್ನು ಪೂರ್ತಿ ಉಚ್ಚರಿಸುತ್ತಿದ್ದವರು ನಾನು ಮತ್ತು ನಮ್ಮ ಮೇಲಧಿಕಾರಿ ಶ್ರೀಧರ ಸರ್ ಮಾತ್ರ. ಜನರ ಬಾಯಲ್ಲಿ ನಾನು ‘ಕೈಕಾಲ ಮೇಡಂ’. ನಮ್ಮ ಅತ್ತೆಯಂತೂ ನೆಂಟರಿಗೆ "ಸೊಸಿ ದವಾಖಾನ್ಯಾಗ ಅದಾಳ" ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ನನಗೇ ಏನೋ ದೊಡ್ಡ ಜಡ್ಡಾಗಿದೆ ಎಂದು ತಿಳಿದು ಹುನಗುಂದದ ಚಿಕ್ಕಮ್ಮ ಎಳನೀರು ಹೊತ್ತು ತಂದದ್ದೂ ಉಂಟು. ತಂದದ್ದನ್ನು ಹಿಂದೆ ಕಳಿಸಬಾರದು ಎಂದು ಕುಡಿದೆ.

ಇನ್ನು ನನ್ನ ಸ್ವಭಾವ. ಚಿಂತೆ ಮಾಡುವುದರಲ್ಲಿ ನನಗೆ ಯಾರೂ ಸಾಟಿಯಿಲ್ಲ. ವಾರಕ್ಕೊಮ್ಮೆ ಇಳಕಲ್ ಕಡೆ, ಇನ್ನೊಮ್ಮೆ ಬಾದಾಮಿ ಕಡೆ ಮನೆಮನೆಗೆ ಹೋಗುವ ಪಾಳಿ ಇತ್ತು. ನನ್ನ ಚೀಲದಲ್ಲಿ ಟಾರ್ಚು, ಸೂಜಿದಾರ, ಹಗ್ಗ, ಹೊಟ್ಟೆನೋವಿನ ಗುಳಿಗೆ, ಜತೆಗೆ ಒಂದು ಕೊಡೆ. ನಮ್ಮ ಸೀಮೆಯ ಆಕಾಶ ಆ ಕೊಡೆಯನ್ನು ನೋಡಿ ನಕ್ಕಿರಬೇಕು. ಬಸ್ಸು ಹತ್ತಿದ ಮೇಲೆ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ, ಇಳಿಯುವಾಗ ಸರಿಯಾದ ಬಸ್ಸನ್ನೇ ಹತ್ತಿದ್ದೆನೋ ಎಂಬ ಅನುಮಾನ. ಇಂಥವಳಿಗೆ ದೇವರು ಕೊಟ್ಟದ್ದು ತಲೆಗೆ ಪೆಟ್ಟು ಬಿದ್ದವರ ವಿಭಾಗ. ಅವರು ಮರೆತದ್ದನ್ನೆಲ್ಲ ನಾನೂ ಮರೆಯುತ್ತಿದ್ದೇನೆ ಎಂದು ಮೊದಲ ವರ್ಷವಿಡೀ ನಂಬಿದ್ದೆ.

ಹೊಸಬರು ಮೊದಲು ತಿಳಿಯಬೇಕಾದದ್ದು ಇದು. ಕಾಲು ಮುರಿದರೆ ಪಟ್ಟಿ ಕಾಣುತ್ತದೆ, ಬಸ್ಸಿನಲ್ಲಿ ಜಾಗ ಸಿಗುತ್ತದೆ. ತಲೆಯ ಪೆಟ್ಟು ಹಾಗಲ್ಲ. ಆಪರೇಶನ್ ಆಯಿತು, ಹೊಲಿಗೆ ಬಿಚ್ಚಿದರು, ಕೂದಲು ಬೆಳೆಯಿತು. ಮನೆಯವರ ಲೆಕ್ಕದಲ್ಲಿ ಕತೆ ಮುಗಿಯಿತು. ಖರೆ ಅಂದರೆ ಕತೆ ಅಲ್ಲಿ ಶುರುವಾಗುತ್ತದೆ. ಮನುಷ್ಯ ನೋಡಲು ಅವನೇ, ಆದರೆ ಸಣ್ಣದಕ್ಕೆ ಸಿಟ್ಟು ಬರುತ್ತದೆ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ, ಶುರು ಮಾಡಿದ ಕೆಲಸ ನಿಲ್ಲಿಸಲು ಬರುವುದಿಲ್ಲ. ಇದಕ್ಕೂ ಆರೈಕೆ ಇದೆ, ಅದಕ್ಕೆಂದೇ ಕೆಲವರು ಕಲಿತು ಕೂತಿದ್ದಾರೆ ಎಂದು ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಅವರು ನೆನೆಸಿದ ಬಾದಾಮಿ ಬೀಜ, ನೆನಪಿನ ಟಾನಿಕ್ಕು, ತಾಯತ ಎಲ್ಲವನ್ನೂ ಮುಗಿಸಿರುತ್ತಾರೆ.

ಇಳಕಲ್ಲಿನ ಮಾಲನಬಿ ನಮ್ಮನ್ನು ಹುಡುಕಿಕೊಂಡದ್ದು ಬಸ್ಸಿನಲ್ಲಿ. ಅವರ ಗಂಡ ರಾಜೇಸಾಬರದು ಇಳಕಲ್ಲಿನಲ್ಲಿ ಸೀರೆ ಅಂಗಡಿ, ಅಜ್ಜನ ಕಾಲದ್ದು. ಮೋಟರ್‌ಸೈಕಲ್ಲಿನಲ್ಲಿ ಹೋಗುವಾಗ ಎದುರಿಗೆ ಎಮ್ಮೆ ಬಂತು. ಹೆಲ್ಮೆಟ್ಟು ಇತ್ತು, ಹ್ಯಾಂಡಲ್ಲಿಗೆ ತೂಗುಹಾಕಿತ್ತು. ಎಮ್ಮೆಗೆ ಏನೂ ಆಗಲಿಲ್ಲ, ಹೆಲ್ಮೆಟ್ಟಿಗೂ ಏನೂ ಆಗಲಿಲ್ಲ. ಕೆಲವು ತಿಂಗಳ ನಂತರ ಮಾಲನಬಿ ಯಾವುದೋ ಹೊಸ ಟಾನಿಕ್ಕಿಗಾಗಿ ಬಾಗಲಕೋಟೆಯ ಬಸ್ಸು ಹತ್ತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಕುರಿಗಾರ ಎಲ್ಲರಿಗೂ ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದ. "ಕಂಡಕ್ಟರಪ್ಪ, ನಿನ್ನ ಮೀಸಿ ಒಂದ್ ಕಡೆ ಮ್ಯಾಲ ಐತಿ ನೋಡು." "ಯಕ್ಕಾ, ಅಷ್ಟ್ಯಾಕ ಪೌಡರ್ ಬಡಕೊಂಡೀದಿ?" ಪಕ್ಕದಲ್ಲಿದ್ದ ಅವನ ಹೆಂಡತಿ ಬಸ್ಸಿಗೆಲ್ಲ ಕೈಮುಗಿದಳು: "ತಪ್ಪ ತಿಳೀಬ್ಯಾಡ್ರೆವ್ವ. ತಲೀಗೆ ಪೆಟ್ಟ ಬಿದ್ದ ಮ್ಯಾಲೆ ಹಿಂಗ ಆಗ್ಯಾನ. ಬಾಗಲಕೋಟ್ಯಾಗ ಕೈಕಾಲ ಮೇಡಂ ಕಡಿ ಹೊಂಟೀವಿ."

ಮಾಲನಬಿ ಸೀಟು ಬಿಟ್ಟು ಎದ್ದರಂತೆ. "ನಮ್ಮನ್ಯಾಗೂ ಅದ ಜಡ್ಡ ಐತ್ರಿ! ಇದಕ್ಕ ಮೇಡಂ ಇರ್ತಾರೇನ್ರಿ?"

ಹೀಗೆ ಟಾನಿಕ್ಕಿಗೆ ಹೊರಟವರು ನಮ್ಮ ಬಾಗಿಲಿಗೆ ಬಂದರು. ಕರೆತಂದವಳು ಭೀಮವ್ವ, ಬಾದಾಮಿ ಹತ್ತಿರದ ಚೊಳಚಗುಡ್ಡದವಳು; ನೆಂಟರ ಮನೆಗೆಂದು ಇಳಕಲ್ಲಿಗೆ ಬಂದಿದ್ದಳು. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಭಕ್ತರಿಗೆ ರೊಟ್ಟಿ, ಮೊಸರು, ಚಟ್ನಿ ಮಾರುತ್ತಾಳೆ. ಬಾಯಿ ತಡೆಯಲಾರದ ಕುರಿಗಾರ ಅವಳ ಗಂಡ ಯಲ್ಲಪ್ಪ, ಬೀರಪ್ಪನ ಭಕ್ತ. ಇಬ್ಬರು ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಆವತ್ತು ನಕ್ಕರಲ್ಲ, ಅಷ್ಟು ನಗು ಆ ಕಟ್ಟಡ ಕೇಳಿರಲಿಲ್ಲ. "ನಿಮ್ಮಾಂವ ಚಪ್ಪಲಿ ಫ್ರಿಜ್ಜಿನ್ಯಾಗ ಇಡ್ತಾನೇನ್ರಿ?" "ನಮ್ಮನ್ಯಾಗ ಫ್ರಿಜ್ಜಿಲ್ರಿ, ರೊಟ್ಟಿ ಬುಟ್ಟ್ಯಾಗ ಇಡ್ತಾನ." ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಒರೆಸಿಕೊಳ್ಳುತ್ತ ಅತ್ತರು, ಮತ್ತೆ ನಕ್ಕರು. ಶ್ರೀಧರ ಸರ್ ಕೋಣೆಯಿಂದ ಇಣುಕಿ, "ಏನಾಗ್ತಿದೆ ಅಲ್ಲಿ?" ಎಂದರು. "ಚಿಕಿತ್ಸೆ ಸರ್" ಎಂದೆ. ನನಗೇ ತಿಳಿಯದೆ ಖರೆ ಹೇಳಿದ್ದೆ.

ಮಾಲನಬಿಗೆ ಬೇಕಾದದ್ದು ಒಂದೇ. ರಾಜೇಸಾಬರು ಮತ್ತೆ ಅಂಗಡಿಯ ಗಾದಿಯ ಮೇಲೆ ಕೂಡಬೇಕು. "ಗಾದಿ ಬಿಟ್ರ ಆ ಮನಶಾಗ ಏನೂ ಉಳಿಯೂದಿಲ್ರಿ ಮೇಡಂರ. ಮನ್ಯಾಗ ಕುಂತ್ರ ಕಿಡಕಿ ಎಣಸ್ಕೋತ ಕುಂದರ್ತಾರ." ಇನ್ನೊಂದು ಅವಸರವೂ ಇತ್ತು. ಅಂಗಡಿಯಲ್ಲಿ ಪಾಲಿದ್ದ ಅಣ್ಣ ಹುಸೇನಸಾಬರು, ಲಗ್ನದ ಹಂಗಾಮಿನೊಳಗೆ ತಮ್ಮ ಕೂಡುವ ಹಾಗಾಗದಿದ್ದರೆ ಅಂಗಡಿಯನ್ನು ಬಾಡಿಗೆಗೆ ಕೊಟ್ಟುಬಿಡುವುದು ಎಂದಿದ್ದರು. ಕೇಳಿಕೊಂಡು ಬಂದವನು ಮೊಬೈಲ್ ಕವರ್ ಮಾರುವವನು. ಅಜ್ಜನ ಗಾದಿಯ ಮೇಲೆ ಮೊಬೈಲ್ ಕವರು! ಮಾಲನಬಿ ಅದನ್ನು ಹೇಳುವಾಗ ಬಾಯಿಗೆ ಸೆರಗು ಹಿಡಿದುಕೊಂಡರು. ಹುಸೇನಸಾಬರು ಕೆಟ್ಟವರಲ್ಲ. ನಾಲ್ಕು ಮಂದಿಯ ಮುಂದೆ ತಮ್ಮ ನಗೆಗೀಡಾಗಬಾರದು ಎಂಬ ಕಾಳಜಿ, ಅಷ್ಟೇ.

ಶ್ರೀಧರ ಸರ್ ಮೈಸೂರಿನ ಕಡೆಯವರು, ಒಳ್ಳೆಯವರು. ಚಿತ್ರದ ಕಾರ್ಡುಗಳ ಮೇಲೆ ಅವರಿಗೆ ಅಪಾರ ಭಕ್ತಿ. ಪಿಯಾನೋ, ಹಿಮಕರಡಿ, ಬೀಚಿನ ಕೊಡೆ, ಹೀಗೆ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗದ ವಸ್ತುಗಳೆಲ್ಲ ಅದರಲ್ಲಿದ್ದವು. ಯಲ್ಲಪ್ಪನಿಗೆ ಹಿಮಕರಡಿ ತೋರಿಸಿದಾಗ, "ಇದರ ಉಣ್ಣಿ ಕತ್ತರಿಸಿಲ್ರಿ, ಹ್ಯಾಂಗ ಸಾಕ್ಯಾರ ಇದನ್ನ?" ಎಂದು ಸರ್‌ಗೇ ಬೈದಿದ್ದ. ಈಗ ರಾಜೇಸಾಬರ ಸರದಿ.

"ಇದು ಏನು, ಹೇಳಿ ನೋಡೋಣ" ಎಂದು ಸರ್ ಪಿಯಾನೋ ಹಿಡಿದರು.

ರಾಜೇಸಾಬರು ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಭಾಳ ಚೊಲೋ ಐತ್ರಿ ಸರ್. ಎಲ್ಲಿ ತಗೊಂಡ್ರಿ?"

"ಅದು... ಬೆಂಗಳೂರಲ್ಲಿ."

"ಅದಕ್ಕ ನೋಡ್ರಿ. ನಿಮ್ಮ ಆಯ್ಕೀನ ಬ್ಯಾರೆ."

ಸರ್ ಅರಳಿಹೋದರು. ‘ಸಂಭಾಷಣಾ ಕೌಶಲ ಅತ್ಯುತ್ತಮ’ ಎಂದು ಬರೆದರು. ಪಿಯಾನೋ ಎಂಬ ಮಾತು ರಾಜೇಸಾಬರ ಬಾಯಿಂದ ಬರಲೇ ಇಲ್ಲ ಎಂಬುದು ಸರ್‌ಗೂ ಹೊಳೆಯಲಿಲ್ಲ, ಪಕ್ಕದಲ್ಲಿದ್ದ ನನಗೂ ಹೊಳೆಯಲಿಲ್ಲ.

ಮುಂದಿನ ವಾರ ಇಳಕಲ್ಲಿಗೆ ಅವರ ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿಯ ರಾಶಿ. ಯಾರಾದರೂ ಹೋಗಿಬಿಟ್ಟರೇನೋ ಎಂದುಕೊಂಡೆ. ಒಳಗೆ ನೋಡಿದರೆ ಮಾತಾಡಿಸಲು ಬಂದ ಮಂದಿ. ನಮ್ಮ ಕಡೆ ಒಬ್ಬರು ಮಲಗಿದರೆ ಊರೆಲ್ಲ ಬಿಸ್ಕಿಟ್ ಪುಡಿಕೆ ಹಿಡಿದು ಬರುವ ಪದ್ಧತಿ. ತಲೆಗೆ ಪೆಟ್ಟು ಬಿದ್ದವರಾದರೆ ಪ್ರತಿಯೊಬ್ಬರೂ ಒಂದು ಪರೀಕ್ಷೆಯನ್ನೂ ಜತೆಗೆ ತರುತ್ತಾರೆ. ಬಂದವರು ಹೆಸರು ಹೇಳುವುದಿಲ್ಲ. ಮಂಚದ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕೇಳುತ್ತಾರೆ:

"ಏನ್ ರಾಜೇಸಾಬ, ನಾ ಯಾರು, ಗುರ್ತ ಸಿಕ್ತೇನು?"

ಪ್ರೀತಿಯಿಂದಲೇ ಕೇಳುತ್ತಾರೆ. ಗುರುತು ಸಿಕ್ಕರೆ ನಮ್ಮ ಮೇಲೆ ಅವನಿಗೆ ಜೀವ ಇದೆ ಎಂದು ಲೆಕ್ಕ. ಒಬ್ಬ ಅಜ್ಜಿಯಂತೂ ಇನ್ನೂ ಕಠಿಣ; ಸೆರಗು ಮುಖಕ್ಕೆ ಎಳೆದುಕೊಂಡು, "ದನಿ ಮ್ಯಾಲಿಂದ ಹೇಳು ನೋಡೂನು" ಎಂದಳು. ಯಾವ ವಿಶ್ವವಿದ್ಯಾಲಯವೂ ಇಷ್ಟು ಬಿಗಿ ಪರೀಕ್ಷೆ ಇಡುವುದಿಲ್ಲ.

ರಾಜೇಸಾಬರು ನಕ್ಕರು. "ನಿಮ್ಮನ್ನ ಮರೀತೇನೇನ್ರಿ ಯವ್ವಾ? ನೀವು ನಮ್ಮವರಲ್ರಿ? ಕುಂದರ್ರಿ, ಚಾ ತರ್ತಾರ. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ? ಭಾಳ ಸೊರಗೀರಿ ನೀವು."

ಅಜ್ಜಿ ಗೆದ್ದಳು. "ನೋಡ್ರಿ, ನಾ ಸೊರಗಿದ್ದು ಸೈತ ನೆನಪೈತಿ ಅಂವಗ!" ಕೋಣೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಷ್ಟೇ ಅಲ್ಲ, ಚಿಂತೆಗೇ ಹುಟ್ಟಿದ ನಾನು ಜೀವನದಲ್ಲಿ ಒಮ್ಮೆ ಚಿಂತೆ ಬಿಟ್ಟು, ಬಸ್‌ಸ್ಟ್ಯಾಂಡಿನಿಂದಲೇ ಸರ್‌ಗೆ ಫೋನು ಮಾಡಿ, "ಸರ್, ನೆನಪು ಪೂರ್ತಿ ಮರಳಿದೆ!" ಎಂದೆ. ಹುಸೇನಸಾಬರಿಗೂ ಹೇಳಿದೆ. ಅವರು ಮಸೀದಿಯ ಮುಂದೆ ಪೇಢೆ ಹಂಚಿದರು.

ಆ ಹೊತ್ತಿಗೆ ಭೀಮವ್ವ ಮತ್ತು ಮಾಲನಬಿಯ ಪಡಸಾಲೆಯ ನಗು ಬೆಳೆದು ಒಂದು ಕೂಟವಾಗಿತ್ತು. ತಿಂಗಳಿಗೊಮ್ಮೆ ಚೊಳಚಗುಡ್ಡದಲ್ಲಿ ಭೀಮವ್ವನ ಅಂಗಳದಲ್ಲಿ ಸೇರುವುದು; ತಲೆಗೆ ಪೆಟ್ಟು ಬಿದ್ದವರು, ಅವರ ಮನೆಯವರು, ರೊಟ್ಟಿ, ಪುಂಡಿಪಲ್ಯ. ಮೇಜಿಲ್ಲ, ಅಧ್ಯಕ್ಷರಿಲ್ಲ. ಆ ತಿಂಗಳ ಕೂಟದಲ್ಲಿ ನಾನು ಎದ್ದು ನಿಂತು, ರಾಜೇಸಾಬರ ಉದಾಹರಣೆ ಎಲ್ಲರಿಗೂ ಧೈರ್ಯ ಕೊಡಲಿ ಎಂದು ಭಾಷಣ ಶುರುಮಾಡಿದೆ.

"ಸುಳ್ಳ್ರಿ" ಎಂದ ಯಲ್ಲಪ್ಪ, ರೊಟ್ಟಿ ಮುರಿಯುತ್ತ.

"ಏ, ಸುಮ್ಕಿರು" ಎಂದಳು ಭೀಮವ್ವ.

"ಯಾಕ ಸುಮ್ಕಿರ್ಲಿ? ಇಂವಗ ಯಾರೂ ಗುರ್ತ ಸಿಗೂದಿಲ್ರಿ ಮೇಡಂ. ಮುಂಜಾನಿಂದ ನನಗ ಮೂರ್ ಸಲ ‘ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ’ ಅಂದಾನ. ಕೊನೀ ಸಲ ‘ಯಾವೂರ್ರಿ ನಿಮ್ದು’ ಅಂದ. ನನ್ನ ಮನ್ಯಾಗ ಕುಂತು, ನನ್ನ ರೊಟ್ಟಿ ತಿನಕೋತ!"

ಹಿಂದಿನದೆಲ್ಲ ನನ್ನ ತಲೆಯಲ್ಲಿ ಸಾಲಾಗಿ ಬಂದು ನಿಂತಿತು: ಪಿಯಾನೋ, ಅಜ್ಜಿ, ಪೇಢೆ. ಎಲ್ಲರಿಗೂ ಒಂದೇ ಉತ್ತರ. ನಮ್ಮ ಸೀಮೆಯಲ್ಲಿ ಯಾರಿಗೆ ಹೇಳಿದರೂ ಒಪ್ಪುವ ಉತ್ತರ. ಅವರ ಸೀರೆ ಅಂಗಡಿಯಲ್ಲಂತೂ ಹೆಂಗಸರೆಲ್ಲ ಅಕ್ಕಾರ, ಗಂಡಸರೆಲ್ಲ ಅಣ್ಣಾರ, ಮುದುಕಿಯರೆಲ್ಲ ಯವ್ವ. ಹೆಸರಿನ ಹಂಗೇ ಇಲ್ಲದೆ ಇಡೀ ದಿನ ಸಾಗಿಸಬಹುದು.

ರಾಜೇಸಾಬರು ತಟ್ಟೆ ನೋಡುತ್ತ ಕೂತಿದ್ದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. "ಎಲ್ಲಾರೂ ಖುಷಿ ಆಗಿ ಹೋಗ್ತಿದ್ರಲ್ರಿ ಮೇಡಂರ" ಎಂದರು. ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿ, "ಮುಖ ನೋಡಿದ್ದ ಅನಸ್ತೇತ್ರಿ. ಸೀರಿ ಗಂಟು ಎಲ್ಲಾ ಅಂಗಡ್ಯಾಗ ಅದಾವು. ಗಂಟಿನ ಮ್ಯಾಲಿನ ಚೀಟಿ ಉದುರ್ಯಾವು."

ಮಾಲನಬಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಯಲ್ಲಪ್ಪನ ಕಡೆ ತಿರುಗಿ, "ಅಣ್ಣಾ, ನೀವ ಹೇಳಿದ್ದು ಚೊಲೋ ಆತು. ಮನ್ಯಾಗ ನಾ ಒಬ್ಬಾಕಿನ ಇದನ್ನ ಹೊತ್ಕೊಂಡು ಕುಂತಿದ್ದೆ" ಎಂದರು. ಆಕೆಗೆ ಮೊದಲೇ ಗೊತ್ತಿತ್ತು. ಎಲ್ಲರೂ ಖುಷಿಯಲ್ಲಿದ್ದಾಗ ಹೇಳುವುದು ಹೇಗೆ ಎಂದು ತಡೆದಿದ್ದರು. ಹುಡುಗಿಯರೇ, ರೋಗಿ ‘ಆರಾಮ ಅದೇನಿ’ ಎಂದರೆ ಅವನ ಹೆಂಡತಿಯ ಮುಖ ನೋಡಿ. ಪಠ್ಯಪುಸ್ತಕದಲ್ಲಿ ಇದು ಇಲ್ಲ.

ಅಲ್ಲಿಂದ ವಿಧಾನ ಬದಲಾಯಿತು. ಹಿಮಕರಡಿ, ಪಿಯಾನೋ ಕಪಾಟು ಸೇರಿದವು. ಅಂಗಡಿಯನ್ನೇ ಮನೆಯ ಪಡಸಾಲೆಗೆ ತಂದೆವು. ಗಾದಿ ಹಾಸಿ, ಗಂಟು ಇಟ್ಟು, ನಾವೇ ಗಿರಾಕಿಗಳಾದೆವು. ನಾನು ಹೆಣ್ಣಿನ ತಾಯಿ, ಭೀಮವ್ವ ಏನು ತೋರಿಸಿದರೂ ಮೂಗು ಮುರಿಯುವ ಅತ್ತಿ, ಯಲ್ಲಪ್ಪ ಗಂಡಿನ ಸೋದರಮಾವ. ಗೋಡೆಯ ಮೇಲೆ ಕ್ರಮ ಬರೆದು ಹಚ್ಚಿದ್ದೆ: ಕೂಡಿಸು, ಯಾರಿಗೆ ಎಂದು ಕೇಳು, ಬಣ್ಣ ಕೇಳು, ಆಮೇಲೆ ಗಂಟು ಬಿಚ್ಚು, ಸಾಕು ಎಂದರೆ ನಿಲ್ಲಿಸು. ಕೊನೆಯದೇ ಕಷ್ಟ. ಒಮ್ಮೆ ಬಿಚ್ಚಲು ಹತ್ತಿದರೆ ರಾಜೇಸಾಬರಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ಬದನೆಕಾಯಿ ಬಣ್ಣ, ನವಿಲು ಹಸಿರು, ದಾಳಿಂಬರಿ, ಒಂದರ ಮೇಲೊಂದು ಹಾರಿ ಬಂದವು. ಹೆಣ್ಣಿನ ತಾಯಿ ಸೀರೆಯೊಳಗೆ ಮುಳುಗಿ ಬರೀ ಕನ್ನಡಕ ಕಾಣುತ್ತಿತ್ತು.

"ಸಾಕ್ರಿ! ಸಾಕು!" ಎಂದು ನಾನು ಒಳಗಿನಿಂದ ಕೂಗಿದೆ.

"ಇದೊಂದ ನೋಡ್ರಿ ಅಕ್ಕಾರ" ಎಂದರು.

"ಅಕ್ಕಾರಲ್ಲೋ ಮಾರಾಯ, ಅದು ಮೇಡಂ!" ಎಂದ ಸೋದರಮಾವ. "ಮತ್ತ ಈ ಸೀರಿ ನನ್ನ ಕಂಬಳಿಕಿಂತ ಬಿರುಸ ಐತಿ."

"ಗಂಜಿ ಹೊಸಾದೈತ್ರಿ ಅಣ್ಣಾರ, ಒಂದ ತೊಳೀಗೆ ಬೆಣ್ಣಿ ಆಗತೈತಿ" ಎಂದು ರಾಜೇಸಾಬರು ತಟ್ಟನೆ ಹೇಳಿದರು. ಹೇಳಿ ತಾವೇ ಬೆರಗಾದರು. ನಾವೂ ಕೈ ನಿಲ್ಲಿಸಿ ನೋಡಿದೆವು. ಆ ಕಸುಬು ಎಲ್ಲಿಯೂ ಹೋಗಿರಲಿಲ್ಲ.

ಉಳಿದದ್ದು ಮುಖಗಳ ಪ್ರಶ್ನೆ. ನಾನು ಒಂದು ಬೋರ್ಡ್ ಬರೆಸಿದೆ: ‘ನನ್ನ ತಲೆಗೆ ಪೆಟ್ಟು ಬಿದ್ದಿದೆ. ದಯಮಾಡಿ ನಿಮ್ಮ ಹೆಸರು, ಊರು ನೀವೇ ಮೊದಲು ಹೇಳಿ.’ ರಾಜೇಸಾಬರು ಅದನ್ನು ತಿರುವಿ ಗೋಡೆಗೆ ಆನಿಸಿಟ್ಟರು. "ಇದನ್ನ ಹಚ್ಚಿ ಗಾದಿ ಮ್ಯಾಲ ಕುಂದರ್ಲೇನ್ರಿ? ಊರ ಮಂದಿ ಹುಚ್ಚನ ಅಂಗಡಿ ಅಂತಾರ. ಅದಕಿಂತ ಮೊಬೈಲ್ ಕವರ ಚೊಲೋ." ಹುಸೇನಸಾಬರೂ ಅದನ್ನೇ ಹೇಳಿದರು: "ಇಜ್ಜತ್ತಿನ ಪ್ರಶ್ನೆ ಐತ್ರಿ ಮೇಡಂ. ಬೋರ್ಡ ಇಲ್ದ ನಡದ್ರ ನಡೀಲಿ, ಇಲ್ಲಂದ್ರ ಬಿಡೂನು."

ಹಂಗಾಮು ಬಂತು. ನಮ್ಮಲ್ಲಿ ಲಗ್ನದ ಜವಳಿ ತೆಗೆಯುವುದೆಂದರೆ ಎರಡೂ ಕಡೆಯ ಬೀಗರು ಮನೆಮಂದಿಯೆಲ್ಲ ಕಟ್ಟಿಕೊಂಡು ಬಂದು ಅಂಗಡಿಯಲ್ಲಿ ಠಿಕಾಣಿ ಹೂಡುವುದು. ಹುಸೇನಸಾಬರು ಒಂದು ಮಾತಿಗೆ ಒಪ್ಪಿದ್ದರು: ಮೊದಲ ಜವಳಿಯ ಗಿರಾಕಿಯನ್ನು ತಮ್ಮ ಒಬ್ಬನೇ ಸಂಭಾಳಿಸಲಿ, ಆಮೇಲೆ ನೋಡೋಣ. ಬೋರ್ಡ್ ಗಾದಿಯ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ನಾನು ಗಿರಾಕಿಯ ವೇಷದಲ್ಲಿ ಮೂಲೆಯಲ್ಲಿ ಕೂತೆ. ಕೈಯಲ್ಲಿ ಕೊಡೆ. ಯಾಕೆ ಅಂತ ಕೇಳಬೇಡಿ, ಏನಾದರೂ ಹಿಡಿದುಕೊಳ್ಳಬೇಕಿತ್ತು.

ಹುನಗುಂದದ ಕಡೆಯಿಂದ ಒಂದು ದಂಡು ಇಳಿಯಿತು. ಮುಂದೆ ಒಬ್ಬ ಗಟ್ಟಿ ಅಜ್ಜಿ, ಹಣೆಯ ತುಂಬ ವಿಭೂತಿ.

"ಬರ್ರಿ, ಬರ್ರಿ ಯವ್ವಾ!" ರಾಜೇಸಾಬರು ಎದ್ದು ನಿಂತರು. "ಭಾಳ ದಿವಸಕ್ಕ ಬಂದ್ರಿ. ಹ್ವಾದ ಸಲ ಒಯ್ದ ಸೀರಿ ಚೊಲೋ ಬಾಳಕಿ ಬಂದಾವಿಲ್ರಿ?"

ಅಜ್ಜಿ ಮೆಟ್ಟಿಲ ಮೇಲೆಯೇ ನಿಂತಳು. "ಹ್ವಾದ ಸಲ ನಿನ್ನ ಕೂಡ ಜಗಳಾ ಮಾಡಿ ಬರಿಗೈಲೆ ಹೊಳ್ಳಿ ಹ್ವಾದಾಕಿ ನಾ. ಈ ಅಂಗಡಿ ಮೆಟ್ಲಾ ಮತ್ತ ಹತ್ತೂದಿಲ್ಲ ಅಂದಿದ್ದೆ. ಬೀಗರು ಹಟಾ ಮಾಡಿದ್ರಂತ ಬಂದೀನಿ. ಸೀರಿ ಬಾಳಕಿ ಬಂದಾವೇನಂತ ಕೇಳ್ತಿಯಲ್ಲ, ಚ್ಯಾಷ್ಟಿ ಮಾಡ್ತಿಯೇನು?"

ಹುಸೇನಸಾಬರು ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡರು. ನನ್ನ ಕೊಡೆ ತಾನೇ ಬಿಚ್ಚಿಕೊಂಡು ಫಟ್ಟೆಂದಿತು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಏನಾದರೂ ಸಂಭಾಳಿಸಲೇ ಎಂದುಕೊಂಡೆ. ಮಾಲನಬಿ ಒಳಬಾಗಿಲಿನಿಂದಲೇ ಕಣ್ಣಲ್ಲಿ ‘ಬೇಡ’ ಎಂದರು.

ರಾಜೇಸಾಬರು ಹೆಂಡತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಗಾದಿಯಿಂದ ಕೆಳಗಿಳಿದು ಅಜ್ಜಿಯ ಮುಂದೆ ನಿಂತರು.

"ಯವ್ವಾ, ನಾ ಗಾಡಿ ಮ್ಯಾಲಿಂದ ಬಿದ್ದಿದ್ದೆ. ತಲೀಗೆ ಪೆಟ್ಟಾತು. ನೀವು ಯಾರು ನನಗ ಗುರ್ತ ಸಿಗವಲ್ದು. ಜಗಳಾನೂ ನೆನಪಿಲ್ಲ. ಯಾತಕ್ಕ ಮಾಡಿದ್ವಿ, ಒಂದೀಟ ಹೇಳ್ರಿ."

ಅಜ್ಜಿ ಅವರ ಹಣೆಯ ಗಾಯದ ಗೆರೆಯನ್ನು ನೋಡಿದಳು. ಬಂದು ಗಾದಿಯ ತುದಿಗೆ ಕೂತಳು. ಅಷ್ಟು ಚೆಂದದ ಜಗಳವನ್ನು ಮೊದಲಿನಿಂದ ಹೇಳಲು ಯಾರು ತಾನೇ ಬೇಡವೆನ್ನುತ್ತಾರೆ! ಹೆಸರು ಗುರಬಸವ್ವ, ಊರು ಹುನಗುಂದದ ಹತ್ತಿರ, ತಾನು ಯಾರ ಮಗಳು, ಯಾರ ಸೊಸೆ, ಎಲ್ಲ ಬಂತು.

"ದಾಳಿಂಬರಿ ಬಣ್ಣದ್ದು, ಗೋಮಿ ದಡಿ ಅಂಚಿನ ಸೀರಿ ಎತ್ತಿದ್ದೆ. ನನಗ ಅಂತ. ನೀ ನನ್ನ ಮಾರಿ ನೋಡಿ, ‘ಈ ವಯಸ್ಸಿಗೆ ಇದು ಒಪ್ಪೂದಿಲ್ರಿ ಯವ್ವಾ, ಮಾಸಗೆಂಪು ನೋಡ್ರಿ’ ಅಂದಿ."

"ಯಾವ ಶಾಣ್ಯಾ ಅಂದಾಂವ?" ರಾಜೇಸಾಬರಿಗೆ ಖರೇನೇ ಸಿಟ್ಟು ಬಂದಿತ್ತು.

"ನೀನ!"

"ನಾ ಅಂದ್ನಿ? ಗಿರಾಕಿಗೆ?"

"ನೀನ ಅಂದಿ, ನಾ ಗಜಕೋಲು ತಗೊಂಡು..." ಅಜ್ಜಿ ಅಲ್ಲಿಗೆ ನಿಲ್ಲಿಸಿ ಬೀಗರ ಮುಖ ನೋಡಿದಳು. "ಆತು ಬಿಡು. ನಾನೂ ಒಂದೆರಡ ಮಾತ ಹೆಚ್ಚ ಆಡಿದ್ದೆ."

ಗಜಕೋಲನ್ನು ಏನು ಮಾಡಿದ್ದಳೋ, ಇಂದಿಗೂ ತಿಳಿದಿಲ್ಲ. ಮೊದಲು ನಕ್ಕದ್ದು ಮದುಮಗಳು. ಆಮೇಲೆ ಬೀಗರು, ಆಮೇಲೆ ಅಜ್ಜಿ, ಹಲ್ಲಿಲ್ಲದ ಬಾಯಿ ತೆರೆದು, ಮೈ ಕುಲುಕಿಸಿ. "ನೀ ಮರ್ತಿಯಂದ್ರ ನಾ ಒಬ್ಬಾಕಿ ನೆನಪಿಟಗೊಂಡು ಏನ್ ಮಾಡ್ಲೋ? ತೋರ್ಸು ಸೀರಿ. ಮೊದಲ ದಾಳಿಂಬರಿ ತಗಿ."

ಬಂದವರೆಲ್ಲ ತಾವಾಗಿಯೇ ಹೆಸರು, ಊರು, ಯಾರ ಪೈಕಿ ಎಂದು ಹೇಳತೊಡಗಿದರು. ಹೇಳಲು ಪೈಪೋಟಿ. ಒಬ್ಬಾತ ತನ್ನ ಮುತ್ತಜ್ಜನಿಂದ ಶುರುಮಾಡಿದ. ರಾಜೇಸಾಬರು ಸೀರೆ ಬಿಚ್ಚಿದರು. ಮಾಲನಬಿ ‘ಸಾಕು’ ಎಂದು ಕಣ್ಣು ಮಾಡಿದಾಗ, ಒಂದು ಹೆಚ್ಚೇ ಬಿಚ್ಚಿ, ನಿಲ್ಲಿಸಿದರು. ಮಂದಿ ಹೋದ ಮೇಲೆ ಯಾರೂ ಹೇಳದೆ ಗಾದಿಯ ಹಿಂದಿನ ಬೋರ್ಡನ್ನು ತಿರುವಿ, ಮೊಳೆ ಹುಡುಕಿದರು. ಮೊಳೆ ಸಿಗಲಿಲ್ಲ. ಹುಸೇನಸಾಬರು ಹೊರಗೆ ಹೋಗಿ ತಂದುಕೊಟ್ಟರು. ಮೊಬೈಲ್ ಕವರಿನವನಿಗೆ ಬೇರೆ ಅಂಗಡಿ ಸಿಕ್ಕಿತು.

ಎಲ್ಲವೂ ಸರಿಹೋಯಿತೇ ಎಂದರೆ, ಇಲ್ಲ. ಮಧ್ಯಾಹ್ನ ತಲೆ ಸಿಡಿಯುತ್ತದೆಂದು ಆ ಹೊತ್ತು ಅಂಗಡಿ ಮುಚ್ಚಿರುತ್ತದೆ. ಕೆಲವು ದಿನ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಅಂಥ ದಿನ ಮಾಲನಬಿ ಭೀಮವ್ವನಿಗೆ ಫೋನು ಹಚ್ಚುತ್ತಾರೆ. ಆ ಕಡೆಯಿಂದ ಯಲ್ಲಪ್ಪ ಏನಾದರೊಂದು ಅನ್ನಬಾರದ್ದು ಅನ್ನುತ್ತಾನೆ, ಈ ಕಡೆ ನಗು ಬರುತ್ತದೆ. ನಮ್ಮ ಬಳಿ ಇದಕ್ಕಿಂತ ಒಳ್ಳೆಯ ಔಷಧಿ ಇರಲಿಲ್ಲ.

ಆಮೇಲೆ ಮನೆಮನೆಗೂ ಹೋಗಿ ನಾನು ಹೇಳುತ್ತಿದ್ದ ಮೊದಲ ಮಾತು ಒಂದೇ: ಬಂದವರು ‘ನಾ ಯಾರು’ ಎಂದು ಕೇಳಬೇಡಿ, ಹೆಸರು ಹೇಳಿ ಕೂತುಕೊಳ್ಳಿ. ಕೇಳಿದವರನ್ನು ಬಾಗಿಲಲ್ಲೇ ಗದರಿಸಿದ್ದೇನೆ. ಶ್ರೀಧರ ಸರ್ ಅದನ್ನು ತರಬೇತಿಯ ಮೊದಲ ಪಾಠವಾಗಿ ಮಾಡಿದರು, ಕಲಿಸುತ್ತಿದ್ದವಳು ನಾನೇ.

ನಿವೃತ್ತಿಯಾದ ಮೇಲೆ ಸೊಂಟ ಸ್ವಲ್ಪ ಸುಧಾರಿಸಿದಾಗ ಇಳಕಲ್ಲಿಗೆ ಹೋದೆ. ನಡುವೆ ಎರಡು ವರ್ಷದ ಮೇಲಾಗಿತ್ತು. ಬಸ್ಸಿನ ತುಂಬ ಚಿಂತೆ: ಅಂಗಡಿ ಇದೆಯೋ, ಅವರು ಹೇಗಿದ್ದಾರೋ, ಗ್ಯಾಸ್ ಆರಿಸಿದೆನೋ. ಅಂಗಡಿ ಇತ್ತು. ಬೋರ್ಡ್ ಇತ್ತು, ಅರಿಷಿಣ ಕುಂಕುಮ ಹಚ್ಚಿಸಿಕೊಂಡು. ಯಾವ ಗಿರಾಕಿ ಪೂಜೆ ಮಾಡಿದ್ದಳೋ. ಗಾದಿಯ ಮೇಲೆ ರಾಜೇಸಾಬರು ಯಾರೋ ಹೆಂಗಸಿನ ತವರುಮನೆಯ ಕತೆಯನ್ನು ಗದ್ದಕ್ಕೆ ಕೈಯಿಟ್ಟು ಕೇಳುತ್ತಿದ್ದರು. "ಹೌದೇನ್ರಿ ಅಕ್ಕಾರ? ಮುಂದ?" ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಬರ್ರಿ, ಬರ್ರಿ. ಕುಂದರ್ರಿ."

ಅದೇ ನಗು. ಊರಿಗೆಲ್ಲ ಕೊಡುವ ನಗು. ಒಳಗಿದ್ದ ಮಾಲನಬಿ ನನ್ನನ್ನು ನೋಡಿ ಬಾಯಿ ತೆರೆದವರು, ತೆರೆದ ಹಾಗೆಯೇ ನಿಂತರು. ನಾನು ಹೆಸರು ಹೇಳಬೇಕಿತ್ತು. ನೂರಾರು ಮಂದಿಗೆ ಕಲಿಸಿದ ಪಾಠ, ನಾನೇ ಬರೆಸಿದ ಬೋರ್ಡು ತಲೆಯ ಮೇಲೆಯೇ ತೂಗುತ್ತಿದೆ. ಆದರೆ ನನ್ನ ಗುರುತೊಂದಾದರೂ ಇವರಿಗೆ ಇರಬಾರದೇ ಎಂಬ ಆಸೆ ಬಿಡಲಿಲ್ಲ. ಚೀಲ ಕೆಳಗಿಟ್ಟೆ, ನೋಯುವ ಸೊಂಟದ ಮೇಲೆ ಕೈಯಿಟ್ಟೆ, ಬಾಯಿಂದ ಹೊರಟೇಹೋಯಿತು:

"ಏನ್ ರಾಜೇಸಾಬರ, ನಾ ಯಾರು, ಗುರ್ತ ಸಿಕ್ತೇನ್ರಿ?"

ರಾಜೇಸಾಬರು ನನ್ನನ್ನು ನೋಡಿದರು, ಕಂಕುಳಲ್ಲಿದ್ದ ಕೊಡೆಯನ್ನು ನೋಡಿದರು. ನಿಧಾನವಾಗಿ ಗಜಕೋಲು ಎತ್ತಿ ಮೇಲೆ ತೋರಿಸಿದರು.

"ಬೋರ್ಡ ಓದ್ರಿ, ಮೇಡಂರ."